ಸಂಪಾದಕರ ಉತ್ತರ: ಶಿಕ್ಷೆಯ ಪುಟ ಮಾತ್ರ ಓದಿದರೆ ಹೇಗೆ?

ಪ್ರಿಯ ಓದುಗರೇ,

"ಮಾತು ಕೇಳದ ಮಗನನ್ನು ಕಲ್ಲೆಸೆದು ಕೊಲ್ಲಿ ಎನ್ನುವ ಧರ್ಮಗ್ರಂಥದಿಂದ ಇವತ್ತಿನವರು ನೀತಿ ಕಲಿಯಬೇಕಾ?" ಎಂದು ಕೇಳಿದ್ದೀರಿ. ನಿಮ್ಮ ಸಿಟ್ಟಿನಲ್ಲಿ ನ್ಯಾಯವಿದೆ. ಬೈಬಲಿನ ಧರ್ಮೋಪದೇಶಕಾಂಡದ 21ನೇ ಅಧ್ಯಾಯದಲ್ಲಿ ಆ ಮಾತು ಇರುವುದು ನಿಜ. ಗುಲಾಮರ ಬಗ್ಗೆ ಅಲ್ಲಿರುವ ನಿಯಮಗಳನ್ನೂ ಇವತ್ತು ಯಾರೂ ಒಪ್ಪಬೇಕಾಗಿಲ್ಲ.

ಆದರೆ ಇನ್ನು ಮೂರೇ ಅಧ್ಯಾಯ ಮುಂದೆ ಓದಬಾರದಿತ್ತೇ? 24ನೇ ಅಧ್ಯಾಯ ನೋಡಿ. ಸಾಲ ಕೊಟ್ಟವನು ಒತ್ತೆ ತರಲು ಸಾಲಗಾರನ ಮನೆಯೊಳಗೆ ಕಾಲಿಡುವಂತಿಲ್ಲ. ಹೊರಗೆ ನಿಂತಿರಬೇಕು, ಮನೆಯವನೇ ತಂದುಕೊಡಬೇಕು. ಬಡವ ಹೊದಿಕೆಯನ್ನೇ ಒತ್ತೆ ಇಟ್ಟಿದ್ದರೆ ಹೊತ್ತು ಮುಳುಗುವಾಗ ವಾಪಸ್ ಕೊಡಬೇಕು. ರಾತ್ರಿ ಅವನು ಹೊದ್ದು ಮಲಗಬೇಕಲ್ವಾ? ಬೀಸುವ ಕಲ್ಲನ್ನು ಒತ್ತೆ ಹಿಡಿಯುವಂತಿಲ್ಲ, ಅದರ ಮೇಲಿನ ಕಲ್ಲೊಂದನ್ನು ಕೂಡ. ಅದು ಹೋದರೆ ಆ ಮನೆಗೆ ಹಿಟ್ಟಿಲ್ಲ. ಕೂಲಿಯವನ ಕೂಲಿ ಅದೇ ದಿನ ಸೇರಬೇಕು, ಸೂರ್ಯ ಮುಳುಗುವ ಮೊದಲು. ಇದನ್ನು ಬರೆದವರಿಗೆ ಬಡವರ ಮನೆಯೊಳಗೆ ಏನೇನಿರುತ್ತದೆ ಎಂದು ಚೆನ್ನಾಗಿ ಗೊತ್ತಿತ್ತು.

ಕೂಲಿಯ ಮಾತು ಬಂತಲ್ಲ, ನನ್ನ ಗೆಳೆಯರೊಬ್ಬರು ಕರಡು ತಿದ್ದುತ್ತಾರೆ. ಅವರು ತಿದ್ದಿದ ಪುಸ್ತಕ ಅಚ್ಚಾಯಿತು, ಬಿಡುಗಡೆಯಾಯಿತು, ಭಾಷಣಗಳೂ ಮುಗಿದವು. ಅವರ ದುಡ್ಡು ಮಾತ್ರ ಬರಲಿಲ್ಲ. ಕೇಳಿದರೆ "ಬಿಲ್ ಪಾಸಾಗಬೇಕು" ಎಂಬ ಉತ್ತರ. ಆ ಪುಸ್ತಕದ ವಿಷಯ ಸಮಾನತೆ!

ಇನ್ನು ಆ ಮಗನ ವಿಷಯ. ಆ ನಿಯಮವನ್ನು ಕಟ್ಟಿಹಾಕಿದವರು ನಮ್ಮ ಕಾಲದವರಲ್ಲ, ಅದೇ ಗ್ರಂಥವನ್ನು ನಂಬಿದ್ದ ಪ್ರಾಚೀನ ಯಹೂದಿ ಗುರುಗಳು. ಶಿಕ್ಷೆಗೆ ಅಪ್ಪ ಅಮ್ಮ ಇಬ್ಬರೂ ಒಪ್ಪಬೇಕು ಎಂದರು. ಇಬ್ಬರ ದನಿ, ರೂಪ, ಎತ್ತರ ಒಂದೇ ಥರ ಇರಬೇಕು ಎಂದೂ ಷರತ್ತು ಹಾಕಿದರು. ಅಂಥ ಮಗ ಹಿಂದೆ ಇರಲಿಲ್ಲ, ಮುಂದೆಯೂ ಇರುವುದಿಲ್ಲ ಎಂಬ ಮಾತು ಆ ಗುರುಗಳ ಚರ್ಚೆಗಳ ಸಂಗ್ರಹವಾದ ತಾಲ್ಮುದ್‌ನಲ್ಲೇ ಇದೆ. ಹಳೆಯ ಕಾನೂನನ್ನು ಓದುವುದೆಂದರೆ ಹೀಗೆ ಅದರ ಜೊತೆ ಜಗಳವಾಡುತ್ತಲೇ ಓದುವುದು.

ನನ್ನ ಬೇಸರ ನಿಮ್ಮ ಮೇಲಲ್ಲ. ಧರ್ಮ ಧರ್ಮ ಎಂದು ಕೂಗುವವರೂ ತೆಗೆಯುವುದು ಶಿಕ್ಷೆಯ ಪುಟವನ್ನೇ. ಯಾರು ಏನು ತಿನ್ನಬೇಕು, ಏನು ಉಡಬೇಕು ಎಂಬುದರಲ್ಲೇ ಅವರ ಹೊತ್ತು ಹೋಗುತ್ತದೆ. ಕೂಲಿ ತಡ ಮಾಡಿದವನನ್ನು ಯಾರಾದರೂ ಧರ್ಮದ್ರೋಹಿ ಎಂದದ್ದು ಕೇಳಿದ್ದೀರಾ? ಇವತ್ತು ಸಾಲದ ಆ್ಯಪ್‌ನವರು ಫೋನಿನೊಳಗೇ ನುಗ್ಗಿ, ನೆಂಟರಿಷ್ಟರಿಗೆಲ್ಲ ಕರೆ ಮಾಡಿ ಮಾನ ಕಳೆಯುತ್ತಾರೆ. ಬಾಗಿಲ ಹೊರಗೆ ನಿಲ್ಲು ಎಂಬ ನಿಯಮ ಆ ಕಾಲಕ್ಕಿಂತ ಈಗಲೇ ಜಾಸ್ತಿ ಬೇಕು.

ನೀವು ಓದಿ ಪ್ರಶ್ನೆ ಕೇಳುವವರು. ಅಂಥವರು ಕಡಿಮೆ. 24ನೇ ಅಧ್ಯಾಯವನ್ನೂ ಓದಿ ಇನ್ನೊಂದು ಕಾಗದ ಬರೆಯಿರಿ. ಸಿಟ್ಟು ಹಾಗೇ ಇದ್ದರೂ ಪ್ರಕಟಿಸುತ್ತೇವೆ.

— ಸಂ.