ಮೊದಲು ಮರಕ್ಕೆ ಜಾಗ ಮಾಡಿ, ಮಷಿನ್ ಆಮೇಲೆ ತನ್ನಿ

ಬೆಂಗಳೂರಿನಲ್ಲಿ ಹತ್ತಕ್ಕೆ ಹನ್ನೆರಡು ಅಡಿಯ ಕಾರ್ ಶೆಡ್, ಕೈಯಲ್ಲಿ ಒಂದು ಲಕ್ಷ, ಕನಕಪುರದ ಮಾವನ ತೋಟದಿಂದ ಬರುವ ಮಾವಿನ ಮರ. ಮನೆಯಲ್ಲೇ ಮರಗೆಲಸ ಶುರು ಮಾಡೋಕೆ ಟೇಬಲ್ ಸಾ (ಮೇಜಿಗೆ ಗರಗಸ ಕೂರಿಸಿದ ಮಷಿನ್) ಮೊದಲೋ ಪ್ಲೇನರ್ (ಹಲಗೆಯ ಮೈ ಕೀಸುವ ಮಷಿನ್) ಮೊದಲೋ ಅಂತ ಕೇಳಿದ್ದೀರಿ. ಎರಡೂ ಬೇಡ. 2017ರಲ್ಲಿ ನಾನು ಇದೇ ಪ್ರಶ್ನೆ ಹಿಡಿದುಕೊಂಡು ಮೂರು ತಿಂಗಳು ನಿದ್ದೆಗೆಟ್ಟಿದ್ದೆ. ಕೊನೆಗೆ ಎರಡನ್ನೂ ತಂದೆ. ಅದರ ಕಥೆ ಹೇಳುತ್ತೇನೆ.

ನಮ್ಮದು ಸಾಗರದ ಹತ್ತಿರದ ಹಳ್ಳಿ. ಹಳೆ ಕೊಟ್ಟಿಗೆ ಖಾಲಿ ಇತ್ತು. ನೆಲಕ್ಕೆ ಕಾಂಕ್ರೀಟ್ ಹಾಕಿಸಿ, ಬೇರೆಯೇ ಕರೆಂಟ್ ಲೈನ್ ಎಳೆಸಿ, ಮಷಿನ್ ಎರಡಕ್ಕೂ ಸೇರಿ 92 ಸಾವಿರ ಕೊಟ್ಟೆ. ಮಧ್ಯದಲ್ಲಿ ಟೇಬಲ್ ಸಾ ನಿಂತಿತು, ಕಿಟಕಿ ಪಕ್ಕ ಪ್ಲೇನರ್. ಉದ್ದದ ಹಲಗೆ ಒಂದು ಕಡೆಯಿಂದ ಹಾಕಿ ಇನ್ನೊಂದು ಕಡೆಯಿಂದ ತೆಗೆಯಬೇಕಲ್ಲ, ಅದಕ್ಕೆ ಮುಂದೆ ಹಿಂದೆ ಎಂಟೆಂಟು ಅಡಿ ಬಿಟ್ಟೆ. ಅಲ್ಲಿಗೆ ಕೊಟ್ಟಿಗೆ ತುಂಬಿಹೋಯಿತು. ಮರ ಎಲ್ಲಿ ಇಡೋದು ಅನ್ನೋ ಪ್ರಶ್ನೆ ನನಗೆ ಹೊಳೆಯಲೇ ಇಲ್ಲ.

ಆ ಜೂನ್ ತಿಂಗಳ ಗಾಳಿಮಳೆಗೆ ಹಿತ್ತಲಿನ ಹಲಸಿನ ಮರ ಬಿತ್ತು. ಅಜ್ಜನ ಕಾಲದ ಮರ. ಸಾಮಿಲ್ಲಿಗೆ ಹಾಕಿಸಿ ಒಂದೂವರೆ ಇಂಚಿನ ಹಲಗೆ ಮಾಡಿಸಿದೆ. ಆ ಹಳದಿ ಬಣ್ಣ ನೋಡಿ ತಡೆಯಲಾಗಲಿಲ್ಲ. ಕಲಬುರಗಿಯಲ್ಲಿ ತಂಗಿ ಹೊಸ ಮನೆ ಕಟ್ಟಿಸುತ್ತಿದ್ದಳು. ಅವಳಿಗೆ ಊಟದ ಮೇಜು ಮಾಡಿಕೊಡುತ್ತೇನೆ, ನಮ್ಮ ಹಿತ್ತಲಿನ ಮರದ್ದೇ ಅಂತ ಮಾತು ಕೊಟ್ಟೆ. ಹಲಗೆಗಳನ್ನು ಕೊಟ್ಟಿಗೆಯ ಮೂಲೆಗೆ ಒರಗಿಸಿದೆ, ಒಂದಕ್ಕೊಂದು ತಾಗಿಸಿ, ಬುಡ ಕಾಂಕ್ರೀಟ್ ನೆಲದ ಮೇಲೆ. ಹೊರಗೆ ಮಲೆನಾಡಿನ ಮಳೆ. ಆಗಸ್ಟಿನಲ್ಲಿ ಕೆಲಸ ಶುರು.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಕೆಲಸದ ಮೊದಲ ಎರಡು ವಾರದಲ್ಲಿ ಮರ ನನಗೆ ಮೂರು ಸಲ ಹೇಳಿತ್ತು, ನಾನು ಕೇಳಿಸಿಕೊಳ್ಳಲಿಲ್ಲ. ಪ್ಲೇನರ್‌ನಿಂದ ಬಂದ ಸಿಪ್ಪೆ ಕೈಗೆ ತಣ್ಣಗೆ ಹತ್ತುತ್ತಿತ್ತು. ಮುಷ್ಟಿಯಲ್ಲಿ ಹಿಡಿದು ಹಿಸುಕಿದರೆ ಮುರಿಯುತ್ತಿರಲಿಲ್ಲ, ಬಾಳೆನಾರಿನ ಹಾಗೆ ಬಳುಕುತ್ತಿತ್ತು. ಒಣಗಿದ ಮರದ ಸಿಪ್ಪೆ ಹಪ್ಪಳದ ಹಾಗೆ ಪುಡಿಯಾಗುತ್ತದೆ. ಎರಡನೇದು, ಗರಗಸದ ಪುಡಿ ಬ್ಲೇಡಿನ ಸುತ್ತ ಹಿಟ್ಟಿನ ಹಾಗೆ ಮೆತ್ತಿಕೊಳ್ಳುತ್ತಿತ್ತು. ಮೂರನೇದು ಭಾರ. ಮೇಜು ಎತ್ತೋಕೆ ನಾಲ್ಕು ಜನ ಬೇಕಾಯಿತು. ಹಲಸು ಅಂದ್ರೆ ಗಟ್ಟಿಮರ, ಭಾರ ಇರುತ್ತದೆ ಅಂದುಕೊಂಡೆ. ನಾವು ಎತ್ತಿದ್ದರಲ್ಲಿ ಎಷ್ಟೋ ಕಿಲೋ ಬರೀ ನೀರು.

ಐದು ಹಲಗೆ ಪಕ್ಕಪಕ್ಕ ಅಂಟಿಸಿದೆ. ಆರು ಅಡಿ ಉದ್ದ, ಮೂರು ಅಡಿ ಅಗಲ. ಕೆಳಭಾಗಕ್ಕೆ ಮೂರು ಅಡ್ಡಪಟ್ಟಿ, ಒಂದೊಂದಕ್ಕೆ ಎಂಟು ಸ್ಕ್ರೂ. ಗಟ್ಟಿಯಾಗಲಿ ಅಂತ ಫೆವಿಕಾಲನ್ನೂ ಹಾಕಿದೆ. ಪಾಲಿಶ್ ಮಾಡಿ ದಸರಾ ಹೊತ್ತಿಗೆ ಲಾರಿಗೆ ಏರಿಸಿದೆ. ಸಾಮಿಲ್ಲಿನ ಕೂಲಿ, ಪಾಲಿಶ್, ಸಾಗಾಟ ಎಲ್ಲ ಸೇರಿ 25 ಸಾವಿರ ದಾಟಿತು. ಗೃಹಪ್ರವೇಶದಲ್ಲಿ ಎಲ್ಲರೂ ಮೇಜನ್ನು ಸವರಿ ಸವರಿ ನೋಡಿದರು.

ಏಪ್ರಿಲಿನಲ್ಲಿ ತಂಗಿಯ ಫೋನ್ ಬಂತು. "ಅಣ್ಣ, ರಾತ್ರಿ ಪಟಾಕಿ ಹೊಡೆದ ಹಾಗೆ ಸದ್ದಾಯ್ತು. ಎದ್ದು ಬಂದು ನೋಡಿದ್ರೆ ಮೇಜು ಸೀಳಿದೆ." ನಾನೇ ಹೋಗಿ ನೋಡಿದೆ. ನಡುವಿನ ಹಲಗೆ ಒಂದು ತುದಿಯಿಂದ ಮುಕ್ಕಾಲು ಭಾಗ ಸೀಳಿತ್ತು. ಬಿರುಕಿನಲ್ಲಿ ನನ್ನ ಕಿರುಬೆರಳು ಹೋಗುತ್ತಿತ್ತು. ಅಂಟು ಹಾಕಿದ ಜಾಗ ಎಲ್ಲೂ ಬಿಟ್ಟಿರಲಿಲ್ಲ, ಮರವೇ ಹರಿದಿತ್ತು. ಅವಳು ಅದರ ಮೇಲೆ ದಪ್ಪ ಬಟ್ಟೆ ಹಾಸಿ, ನೆಂಟರ ಮುಂದೆ ಏನೂ ಹೇಳದೆ ಊಟ ಬಡಿಸುತ್ತಿದ್ದಳು. ನನಗೆ ದುಡ್ಡಿಗಿಂತ ಆ ಬಟ್ಟೆ ನೋಡಿ ಸಂಕಟ ಆಯಿತು.

ಏನಾಯ್ತು ಅಂದ್ರೆ, ಹಸಿ ಮರದಲ್ಲಿ ನೀರು ಎರಡು ಕಡೆ ಇರುತ್ತದೆ. ಮರದೊಳಗಿನ ಸಣ್ಣ ಸಣ್ಣ ಕೊಳವೆಗಳೊಳಗೆ ಇರೋ ನೀರು ಮೊದಲು ಹೋಗುತ್ತದೆ. ಆಗ ಮರ ಹಗುರಾಗುತ್ತದೆ, ಆದರೆ ಕುಗ್ಗೋದಿಲ್ಲ. ತೇವ 30 ಪರ್ಸೆಂಟಿನ ಆಸುಪಾಸಿಗೆ ಇಳಿದ ಮೇಲೆ ಕೊಳವೆಯ ಗೋಡೆಯ ನೀರು ಹೊರಡುತ್ತದೆ. ಕುಗ್ಗೋದು ಅಲ್ಲಿಂದ ಶುರು. ಎಲ್ಲಿವರೆಗೆ ಒಣಗುತ್ತದೆ ಅನ್ನೋದನ್ನು ಸುತ್ತಲಿನ ಗಾಳಿ ತೀರ್ಮಾನ ಮಾಡುತ್ತದೆ. ಗಾಳಿಯ ಆರ್ದ್ರತೆ 80 ಪರ್ಸೆಂಟ್ ಇದ್ದರೆ ಮರ ಸುಮಾರು 16 ಪರ್ಸೆಂಟ್ ತೇವದಲ್ಲಿ ನಿಲ್ಲುತ್ತದೆ. ಆರ್ದ್ರತೆ 30ಕ್ಕೆ ಇಳಿದರೆ ಮರದ ತೇವ 6ರ ಹತ್ತಿರ ಬರುತ್ತದೆ. ನಮ್ಮ ಮಳೆಗಾಲದಲ್ಲಿ ಒಂದೂವರೆ ಇಂಚಿನ ಹಲಗೆ ಎರಡು ತಿಂಗಳಲ್ಲಿ ಆ 16ಕ್ಕೂ ಬರೋದಿಲ್ಲ. ಅಂಥದ್ದನ್ನು ಕಲಬುರಗಿಯ ಬೇಸಿಗೆಗೆ ಕಳಿಸಿದೆ.

ಇಷ್ಟೇ ಆಗಿದ್ದರೆ ಮೇಜು ಸ್ವಲ್ಪ ಕಿರಿದಾಗುತ್ತಿತ್ತು, ಇಲ್ಲವೇ ಸೊಟ್ಟಗಾಗುತ್ತಿತ್ತು. ಸೀಳಿಸಿದ್ದು ನನ್ನ ಸ್ಕ್ರೂ. ಮರ ಅಗಲದಲ್ಲಿ ಕುಗ್ಗುತ್ತದೆ, ಉದ್ದದಲ್ಲಿ ಲೆಕ್ಕಕ್ಕೇ ಇಲ್ಲ ಅನ್ನುವಷ್ಟು ಕಡಿಮೆ. ಮೇಲಿನ ಹಲಗೆ ಅಗಲದಲ್ಲಿ ಒಳಗೆ ಸರಿಯಬೇಕು. ಅಡಿಯ ಅಡ್ಡಪಟ್ಟಿಯ ಉದ್ದ ಅದೇ ದಿಕ್ಕಿಗೆ ಇದೆ, ಅದು ಕದಲೋದಿಲ್ಲ. ನಡುವೆ 24 ಸ್ಕ್ರೂ, ಮೇಲೆ ಅಂಟು. ಸರಿಯೋಕೆ ಬಿಡದಿದ್ದರೆ ಮರ ಹರಿಯಲೇಬೇಕು. ಹೊಸಬರಿಗೆ ಇದೊಂದು ತಲೆಯಲ್ಲಿ ಕೂತರೆ ಸಾಕು, ಉಳಿದದ್ದನ್ನು ಕೈ ಕಲಿಯುತ್ತದೆ. ಅದಕ್ಕೇ ಇಷ್ಟು ಎಳೆದು ಹೇಳುತ್ತಿದ್ದೇನೆ.

ಊರಿಗೆ ಬಂದು ಬಡಗಿ ಆಚಾರ್ರ ಹತ್ತಿರ ಹೇಳಿಕೊಂಡೆ. ನಮ್ಮ ಮನೆಗೆ ಬಾಗಿಲು ಮಾಡಿದ್ದು ಅವರ ಅಪ್ಪ. ಅವರು ಬೈಯಲಿಲ್ಲ. "ಅಲ್ಲ ಮಾರಾಯ್ರೆ, ಹೆಬ್ಬಾಗಿಲು ದಿನಾ ನೋಡ್ತೀರಲ್ಲ" ಅಂತ ಎಬ್ಬಿಸಿಕೊಂಡು ಹೋಗಿ ಬಾಗಿಲ ಮುಂದೆ ನಿಲ್ಲಿಸಿದರು. ಚೌಕಟ್ಟಿನ ನಡುವೆ ಅಗಲದ ಹಲಗೆ. ಹಲಗೆಯ ಅಂಚಿನಲ್ಲಿ ಬಣ್ಣ ಇಲ್ಲದ ಒಂದು ಗೆರೆ, ಭತ್ತದ ಕಾಳಿನಷ್ಟು ಅಗಲ. ಮಳೆಗಾಲದಲ್ಲಿ ಬಣ್ಣ ಬಳಿದಿದ್ದೆವು, ಬೇಸಿಗೆಗೆ ಹಲಗೆ ಕುಗ್ಗಿ ಒಳಗಿದ್ದ ಬರಿಮರ ಹೊರಗೆ ಬಂದಿತ್ತು. ಹಲಗೆಗೆ ಮೊಳೆಯೂ ಇಲ್ಲ, ಅಂಟೂ ಇಲ್ಲ. ಚೌಕಟ್ಟಿನಲ್ಲಿ ಕೊರೆದ ತೋಡಿನೊಳಗೆ ಸುಮ್ನೆ ಕೂತಿದೆ. ನಲವತ್ತು ವರ್ಷ ಆ ಬಾಗಿಲು ದೂಡಿ ಒಳಗೆ ಬಂದವನು ನಾನು.

ಆ ವಾರವೇ ಟೇಬಲ್ ಸಾ ಮಾರಿದೆ. ಆ ಜಾಗದಲ್ಲಿ ಮರ ಒಣಗಿಸೋಕೆ ಅಟ್ಟಣೆ ಕಟ್ಟಿದೆ. ನೀವು ಅಲ್ಲಿಂದಲೇ ಶುರು ಮಾಡಿ. ಉದ್ದನೆಯ ಗೋಡೆಗೆ ಕಬ್ಬಿಣದ ಬ್ರಾಕೆಟ್ ಹಾಕಿಸಿ, ಕೆಳಗಿನ ಸಾಲು ನೆಲದಿಂದ ಒಂದು ಅಡಿ ಮೇಲಿರಲಿ. ಹಲಗೆ ಹಲಗೆಯ ನಡುವೆ ಮುಕ್ಕಾಲು ಇಂಚಿನ ಒಣ ರೀಪರ್ (ಮರದ ಪಟ್ಟಿ) ತುಂಡು, ಒಂದೂವರೆ ಅಡಿಗೆ ಒಂದರಂತೆ. ಮೇಲಿನ ಸಾಲಿನ ತುಂಡು ಕೆಳಗಿನದರ ನೇರಕ್ಕೇ ಬರಬೇಕು, ಇಲ್ಲದಿದ್ದರೆ ಹಲಗೆ ಅಲೆ ಅಲೆಯಾಗಿ ಬಾಗುತ್ತದೆ. ಎರಡೂ ತುದಿಗೆ ಹಳೆ ಪೇಂಟ್ ದಪ್ಪಗೆ ಬಳಿಯಿರಿ. ನೀರು ತುದಿಯಿಂದಲೇ ಬೇಗ ಓಡುತ್ತದೆ, ಬಿರುಕೂ ಅಲ್ಲಿಂದಲೇ ಶುರುವಾಗುತ್ತದೆ. ಗಾಳಿ ಆಡಲಿ, ಬಿಸಿಲು ಬೇಡ. ಇಂಚು ದಪ್ಪಕ್ಕೆ ಒಂದು ವರ್ಷ ಅನ್ನೋದು ಹಳಬರ ಲೆಕ್ಕ, ನಾನು ಅದನ್ನೇ ಪಾಲಿಸುತ್ತೇನೆ.

ಒಣಗಿತೋ ಇಲ್ಲವೋ ತಿಳಿಯೋಕೆ ಅಡುಗೆಮನೆಯ ತಕ್ಕಡಿ ಸಾಕು. ಹಲಗೆಯ ತುದಿಯಿಂದ ಒಂದು ಅಡಿ ಒಳಗೆ ಒಂದು ತುಂಡು ಕೊಯ್ದು, ಅದೇ ಸಾಲಿನಲ್ಲಿಡಿ. ವಾರಕ್ಕೊಮ್ಮೆ ತೂಗಿ ಅದರ ಮೇಲೇ ಪೆನ್ಸಿಲಿನಲ್ಲಿ ಬರೆಯಿರಿ. ಆದರೆ ಸಣ್ಣ ತುಂಡು ಹಲಗೆಗಿಂತ ಬೇಗ ಒಣಗುತ್ತದೆ. ಅದರ ತೂಕ ನಿಂತ ಮೇಲೆ ಹಲಗೆಯಿಂದ ಹೊಸದೊಂದು ತುಂಡು ತೆಗೆದು ಮತ್ತೆ ತೂಗಿ. ಅದರ ತೂಕವೂ ತಿಂಗಳಿಡೀ ಇಳಿಯದಿದ್ದರೆ ಕೆಲಸ ಶುರು ಮಾಡಬಹುದು.

ಮರ ಒಣಗೋವರೆಗೆ ಏನು ಮಾಡೋದು ಅಂತೀರಾ? ಕೆಲಸದ ಮೇಜು ಮಾಡಿ. 19 ಎಂಎಂ ಪ್ಲೈವುಡ್ ಎರಡು ಪದರ ಅಂಟಿಸಿದರೆ ಒಳ್ಳೆ ಮೇಲ್ಮೈ ಆಗುತ್ತದೆ. ಪ್ಲೈನಲ್ಲಿ ಪದರಗಳು ಅಡ್ಡಡ್ಡ ಇರೋದರಿಂದ ಅದು ಕುಗ್ಗಿ ಹಿಗ್ಗೋದು ತೀರಾ ಕಡಿಮೆ. ನೆಟ್ಟಗೆ ನಿಂತು ಕೈ ಇಳಿಬಿಟ್ಟರೆ ಮಣಿಕಟ್ಟು ಎಲ್ಲಿ ಬರುತ್ತದೋ ಅಷ್ಟು ಎತ್ತರ. ಒಂದು ಕೀಸುಳಿ, 6, 12, 25 ಎಂಎಂ ಉಳಿಗಳು, ಕೈಗರಗಸ, ಮೂಲೆಮಟ್ಟ, ಸಾಣೆಕಲ್ಲು, ಆರು ಕ್ಲ್ಯಾಂಪ್. ಕೈಯಲ್ಲಿ ಹಿಡಿಯುವ ಸರ್ಕ್ಯುಲರ್ ಸಾ ಒಂದು ಇರಲಿ, ನೇರ ಪಟ್ಟಿ ಆನಿಸಿ ಓಡಿಸಿದರೆ ಮನೆಕೆಲಸಕ್ಕೆ ಧಾರಾಳ. ಇದಕ್ಕೆಲ್ಲ ನಿಮ್ಮ ದುಡ್ಡಿನ ಅರ್ಧವೂ ಬೇಡ. ಮಾಸ್ಕ್ ಮಾತ್ರ ಮೊದಲ ದಿನದಿಂದಲೇ ಹಾಕಿ. ಮರದ ಧೂಳು ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗವೇ ಹೇಳಿದೆ. ನೀವು ಬೆಂಗಳೂರಿನವರೇ ಆದ್ದರಿಂದ ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಗೆ ಒಮ್ಮೆ ಹೋಗಿ ಬನ್ನಿ, ಅಲ್ಲಿ ಮರಗೆಲಸದ ತರಬೇತಿಯೂ ಇದೆ.

ಮಾವನ ಮಾವಿನ ಮರದ ವಿಷಯದಲ್ಲಿ ತಡಮಾಡಬೇಡಿ. ಮಾವಿನ ದಿಮ್ಮಿ ಹಸಿಯಾಗಿ ಬಿದ್ದಿದ್ದರೆ ಬೇಗ ನೀಲಿಗಟ್ಟುತ್ತದೆ, ಹುಳವೂ ಹಿಡಿಯುತ್ತದೆ. ಕಡಿದ ವಾರದಲ್ಲೇ ಕೊಯ್ಸಿ, ಬೋರಾಕ್ಸ್ ಮತ್ತು ಬೋರಿಕ್ ಆಸಿಡ್ ನೀರಿನಲ್ಲಿ ಅದ್ದಿಸಿ ಸಾಲಾಗಿ ಪೇರಿಸಿ. ಬೇಕಾದ ಅಳತೆಗೆ ಈಗಲೇ ಕೊಯ್ಸಬೇಡಿ, ದಪ್ಪದಲ್ಲೂ ಅಗಲದಲ್ಲೂ ಜಾಸ್ತಿ ಬಿಡಿ. ತುದಿಯಲ್ಲಿ ತಾರೀಕು ಬರೆದಿಡಿ.

ತಂಗಿಗೆ 2020ರಲ್ಲಿ ಇನ್ನೊಂದು ಮೇಜು ಮಾಡಿಕೊಟ್ಟೆ. ಅದೇ ಹಲಸಿನ ಮರದ ಉಳಿದ ಹಲಗೆ, ಎರಡೂವರೆ ವರ್ಷ ಅಟ್ಟಣೆಯಲ್ಲಿ ಇದ್ದದ್ದು. ಕಲಬುರಗಿಗೆ ಹಲಗೆಯಾಗಿಯೇ ಒಯ್ದು, ಅವಳ ಮನೆಯ ಕೋಣೆಯಲ್ಲಿ ಎರಡು ತಿಂಗಳು ಬಿಟ್ಟು, ಅಲ್ಲೇ ಜೋಡಿಸಿದೆ. ಮೇಲ್ಹಲಗೆಗೆ ಅಂಟಿಲ್ಲ, ಅದರ ಕೆಳಗಿನ ಸಣ್ಣ ಮರದ ತುಂಡುಗಳು ಚೌಕಟ್ಟಿನ ತೋಡಿನಲ್ಲಿ ಜಾರುವ ಹಾಗೆ ಹಿಡಿದಿವೆ. ಅಲ್ಲಿಗೆ ಹೋದಾಗಲೆಲ್ಲ ಟೇಪ್ ಹಿಡಿದು ಅಳೆಯುತ್ತೇನೆ. ಮಳೆಗಾಲಕ್ಕೂ ಬೇಸಿಗೆಗೂ ಅಗಲದಲ್ಲಿ ಕಾಲು ಇಂಚಿನ ವ್ಯತ್ಯಾಸ ಸಿಗುತ್ತದೆ. ಮೇಜಿನ ಮೇಲೆ ಈಗ ಬಟ್ಟೆ ಹಾಸೋದಿಲ್ಲ.