ಪ್ರಾಮಾಣಿಕರಾಗಿ ಬಾಳಿದ ಅಪ್ಪನ ಬಗ್ಗೆ ಏನು ಹೇಳಬೇಕು?

ತಂದೆಯವರ ನೆನಪಿನ ಸಭೆಯಲ್ಲಿ ಐದು ನಿಮಿಷ ಮಾತಾಡಬೇಕು, 'ಪ್ರಾಮಾಣಿಕರು, ದೈವಭಕ್ತರು, ಸಂಸಾರವೇ ಸರ್ವಸ್ವ ಅಂದುಕೊಂಡಿದ್ದವರು' ಅಂತ ಬರೆದ ಮೇಲೆ ಪೆನ್ನು ಮುಂದೆ ಓಡುತ್ತಿಲ್ಲ ಅಂದಿದ್ದೀರಿ. ಹೀಗೆ ಹಳೆಯದನ್ನೆಲ್ಲ ಕೆದಕುತ್ತಾ ಕೂತರೆ ದುಃಖ ಜಾಸ್ತಿ ಆಗಲ್ವಾ ಅಂತಲೂ ಕೇಳಿದ್ದೀರಿ.

ಪೆನ್ನು ನಿಂತಿದ್ದು ಸಹಜ. ಆ ಮೂರು ಮಾತು ಯಾರ ಅಪ್ಪನಿಗೆ ಬೇಕಾದರೂ ಹೊಂದುತ್ತವೆ. ಕಣ್ಣು ಮುಚ್ಚಿದ ಮೇಲೆ ಎಲ್ಲರೂ ಒಳ್ಳೆಯವರೇ ಆಗಿಬಿಡುತ್ತಾರೆ. ಇದರಿಂದ ನಿಜಕ್ಕೂ ಒಳ್ಳೆಯವರಾಗಿದ್ದವರಿಗೆ ಅನ್ಯಾಯ ಆಗುತ್ತೆ ಅಂತ ನನ್ನ ಅನಿಸಿಕೆ. ಹಾಗಾಗಿ ನಿಮಗೆ ನೀವೇ ಒಂದು ಪ್ರಶ್ನೆ ಕೇಳಿಕೊಳ್ಳಿ: ಅಪ್ಪನ ಪ್ರಾಮಾಣಿಕತೆಯಿಂದ ಕಷ್ಟಪಟ್ಟವರು ಯಾರು?

ನನ್ನ ಮಾವ, ಅಂದರೆ ಹೆಂಡತಿಯ ತಂದೆ, ತೀರಿಕೊಂಡಾಗ ಮಾತಾಡುವ ಸರದಿ ನನಗೆ ಬಂತು. ಕೈ ಬಾಯಿ ಶುದ್ಧ ಇದ್ದ ಮನುಷ್ಯ ಅಂತ ಎಲ್ಲರೂ ಹೇಳುತ್ತಿದ್ದರು. ಅತ್ತೆಯನ್ನು ಕೇಳಿದಾಗ ಬಂದಿದ್ದೇ ಬೇರೆ. ಒಂದು ಸಲ ಬಸ್ಸಿನಲ್ಲಿ ಹೊರಟಿದ್ದರಂತೆ. ದೊಡ್ಡ ಮಗನಿಗೆ ಅರ್ಧ ಟಿಕೆಟಿನ ವಯಸ್ಸು ಆಗಷ್ಟೇ ದಾಟಿತ್ತು. ಹುಡುಗ ನೋಡೋಕೆ ಸಣ್ಣಗಿದ್ದ. ಕಂಡಕ್ಟರ್ ಏನೂ ಕೇಳದೆ ತಾನಾಗೇ ಅರ್ಧ ಟಿಕೆಟ್ ಕೊಟ್ಟ. ಮಾವ ಅದನ್ನು ವಾಪಸ್ ಕೊಟ್ಟು, 'ಇವನಿಗೆ ಫುಲ್ ಟಿಕೆಟ್ ಕೊಡಿ' ಅಂದರು. ಇಳಿದ ಮೇಲೆ ಮುಂದಿನ ಬಸ್ಸಿಗೆ ಕಾಸು ಸಾಲಲಿಲ್ಲ. ಮಾವ ಪೆಟ್ಟಿಗೆ ಹೊತ್ತರು, ಅತ್ತೆ ಚಿಕ್ಕ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡರು, ಎಲ್ಲರೂ ಬಿಸಿಲಲ್ಲಿ ನಡೆದರು. 'ದಾರಿಯುದ್ದಕ್ಕೂ ನಾನು ಒಂದು ಮಾತೂ ಆಡಲಿಲ್ಲ ಅವರ ಹತ್ತಿರ' ಅಂದರು ಅತ್ತೆ. ಹೇಳುವಾಗಲೂ ಸಿಟ್ಟು ಪೂರ್ತಿ ಇಳಿದಿರಲಿಲ್ಲ.

ಸಭೆಯಲ್ಲಿ ನಾನು ಹೇಳಿದ್ದು ಇದನ್ನೇ, ಅತ್ತೆಯ ಸಿಟ್ಟನ್ನೂ ಸೇರಿಸಿ. ಅವರ ಒಪ್ಪಿಗೆ ಮೊದಲೇ ಕೇಳಿದ್ದೆ. ಗಂಡಸು ನಿಯತ್ತಾಗಿದ್ದರೆ ಹೆಸರು ಅವನಿಗೆ ಬರುತ್ತೆ, ಅದರ ಬೆಲೆ ಮಾತ್ರ ಮನೆಯವರೂ ತೆರುತ್ತಾರೆ. ಅವರನ್ನು ಬಿಟ್ಟು ಅವನೊಬ್ಬನನ್ನೇ ಹೊಗಳಿದರೆ ಅರ್ಧ ಕಥೆ ಹೇಳಿದ ಹಾಗೆ. ನಿಮ್ಮ ತಾಯಿ ಇದ್ದರೆ ಮೊದಲು ಅವರ ಹತ್ತಿರ ಕೂತುಕೊಳ್ಳಿ.

ನಗು ಬರುವ ಸಂಗತಿ ಇದ್ದರೆ ಧಾರಾಳವಾಗಿ ಹೇಳಿ. ನಮ್ಮ ಮಾವನಿಗೆ ಫೋನಿನಲ್ಲೂ ಸುಳ್ಳು ಬರುತ್ತಿರಲಿಲ್ಲ. 'ನಾನು ಮನೇಲಿಲ್ಲ ಅಂತ ಹೇಳಿ' ಅಂತ ಮಗಳು ಕೈಸನ್ನೆ ಮಾಡಿದರೆ, 'ಇದ್ದಾಳೆ, ಆದರೆ ಈಗ ಮಾತಾಡೋಕೆ ಮನಸ್ಸಿಲ್ಲವಂತೆ' ಅಂದುಬಿಡುತ್ತಿದ್ದರು!

ಇನ್ನು ದೇವರ ವಿಷಯ. ಇಲ್ಲಿ ಸ್ವಲ್ಪ ಹುಷಾರಾಗಿರಿ. ಹೋದವರ ಬಾಯಿಗೆ ಅವರು ಆಡದ ಮಾತನ್ನು ತುರುಕುವುದು ಬಹಳ ಸುಲಭ. ಮಾವ ಯಾರಿಗೂ ಉಪದೇಶ ಮಾಡಿದವರಲ್ಲ. ಬೆಳಿಗ್ಗೆ ಪ್ರಾರ್ಥನೆಗೆ ಕೂರುವಾಗ ಕೋಣೆಯ ಬಾಗಿಲು ಮುಂದಕ್ಕೆ ಮಾಡಿಕೊಳ್ಳುತ್ತಿದ್ದರು, ಅಷ್ಟೇ. ಆದರೆ ಹಿಂದಿನ ದಿನ ಯಾರ ಮೇಲಾದರೂ ರೇಗಿದ್ದರೆ ಮೊದಲು ಅವರ ಹತ್ತಿರ ಹೋಗಿ ಬರುತ್ತಿದ್ದರು. ಒಂದು ಬೆಳಿಗ್ಗೆ ನಾನು ಹಲ್ಲುಜ್ಜುತ್ತಾ ನಿಂತಿದ್ದಾಗ ಬಂದು, 'ನಿನ್ನೆ ನಾನು ಜಾಸ್ತಿ ಮಾತಾಡಿಬಿಟ್ಟೆ, ಮನಸ್ಸಿಗೆ ಹಚ್ಕೋಬೇಡಿ' ಅಂದರು. ಬಾಯಿ ತುಂಬ ನೊರೆ, ನಾನೇನು ಹೇಳಲಿ? ಉತ್ತರಕ್ಕೆ ಕಾಯದೆ ಒಳಗೆ ಹೋದರು. ನನಗೆ ಅಷ್ಟಾಗಿ ದೇವರಲ್ಲಿ ನಂಬಿಕೆ ಇಲ್ಲ. ಆದರೂ ಅವರ ಭಕ್ತಿ ಎಂಥದ್ದು ಅಂತ ತಿಳಿದಿದ್ದು ಆವತ್ತು. ಬೇರೆ ನಂಬಿಕೆಯವರು, ನಂಬಿಕೆ ಇಲ್ಲದವರು ಸಭೆಯಲ್ಲಿ ಇದ್ದೇ ಇರುತ್ತಾರೆ. ಇಂಥ ಮಾತು ಅವರಿಗೂ ತಲುಪುತ್ತೆ.

ಮಗನಿಗೆ ಹುಷಾರಿಲ್ಲದೆ ಇದ್ದಾಗ ಕೆಲವು ತಿಂಗಳು ಮಾವ ಪ್ರಾರ್ಥನೆಗೇ ಕೂತಿರಲಿಲ್ಲವಂತೆ. ಅದನ್ನು ನಾನು ಸಭೆಯಲ್ಲಿ ಹೇಳಲಿಲ್ಲ. ಮನೆಯವರಿಗೆ ಅಂತ ಬರೆದಿಟ್ಟ ಪುಸ್ತಕದಲ್ಲಿ ಇದೆ. ಸಭೆಗೆ ಒಂದು, ಮನೆಗೆ ಒಂದು ಅಂತ ಎರಡು ಬರಹ ಇಟ್ಟುಕೊಂಡರೆ ಒಳ್ಳೆಯದು.

ಬೇರೆಯವರನ್ನು ವಿಚಾರಿಸುವಾಗ 'ಅವರು ಹೇಗಿದ್ದರು?' ಅಂತ ಕೇಳಬೇಡಿ. 'ತುಂಬಾ ಒಳ್ಳೆಯವರು' ಅನ್ನುತ್ತಾರೆ, ಮುಗೀತು. 'ಯಾವಾಗ ಸಿಟ್ಟು ಬರ್ತಿತ್ತು? ಯಾವುದಕ್ಕೆ ಹೆದರುತ್ತಿದ್ದರು?' ಅಂತ ಕೇಳಿ ನೋಡಿ. ಹಳೆಯ ಗೆಳೆಯರನ್ನಂತೂ ಬಿಡಲೇಬೇಡಿ. ನಡುವಯಸ್ಸು ದಾಟಿದವರಿಗೆ ತಮ್ಮ 10ರಿಂದ 30 ವರ್ಷದೊಳಗಿನ ನೆನಪುಗಳು ಉಳಿದವಕ್ಕಿಂತ ಜಾಸ್ತಿ ಬರುತ್ತವೆ ಅನ್ನೋದನ್ನು ಮನಶ್ಶಾಸ್ತ್ರಜ್ಞರು ಗುರುತಿಸಿದ್ದಾರೆ. ಅಪ್ಪ ಆಗುವ ಮುಂಚಿನ ನಿಮ್ಮ ಅಪ್ಪ ಸಿಗೋದು ಅವರ ಹತ್ತಿರವೇ.

ಕೇಳಿದ್ದನ್ನು ಅವತ್ತೇ ಬರೆದಿಡಿ. 1932ರಲ್ಲಿ ಫ್ರೆಡ್ರಿಕ್ ಬಾರ್ಟ್ಲೆಟ್ ಅನ್ನುವ ಬ್ರಿಟಿಷ್ ಮನಶ್ಶಾಸ್ತ್ರಜ್ಞ ಒಂದು ಪ್ರಯೋಗದ ವಿವರ ಪ್ರಕಟಿಸಿದ. ಜನರಿಗೆ ಅಪರಿಚಿತ ನಾಡಿನ ಕಥೆ ಓದಿಸಿ, ಸ್ವಲ್ಪ ಸ್ವಲ್ಪ ಕಾಲ ಬಿಟ್ಟು ಅದನ್ನೇ ಮತ್ತೆ ಮತ್ತೆ ನೆನಪಿನಿಂದ ಬರೆಸಿದ. ಕಥೆಯಲ್ಲಿದ್ದ ವಿಚಿತ್ರ ಸಂಗತಿಗಳು ಬಿದ್ದುಹೋದವು, ಇಲ್ಲವೇ ಬರೆಯುವವರಿಗೆ ಗೊತ್ತಿದ್ದ ರೂಪಕ್ಕೆ ತಿರುಗಿದವು. ನಿಮ್ಮ ಅಪ್ಪನಿಗೂ ಇದೇ ಆಗುತ್ತೆ. ಅವರದ್ದೇ ಆದ ಚಾಳಿಗಳು ಮೊದಲು ಮರೆತುಹೋಗುತ್ತವೆ, ಉಳಿಯೋದು ಎಲ್ಲರ ಅಪ್ಪನ ಹಾಗಿರುವ ಒಬ್ಬ ಅಪ್ಪ. ಅವರ ಧ್ವನಿ ಇರುವ ವಾಟ್ಸಾಪ್ ಸಂದೇಶಗಳಿದ್ದರೆ ಇವತ್ತೇ ಬೇರೆ ಕಡೆ ಉಳಿಸಿಕೊಳ್ಳಿ. ಫೋನ್ ಬದಲಾಯಿಸುವಾಗ ಕಳೆದುಹೋಗೋದು ಇಂಥವೇ.

ದುಃಖ ಜಾಸ್ತಿ ಆಗಲ್ವಾ ಅಂದಿರಿ. ಬರೆಯುವಾಗ ಅಳು ಬರುತ್ತೆ, ಬರಲಿ. ಹೋದವರಿಂದ ಮನಸ್ಸನ್ನು ಬಿಡಿಸಿಕೊಳ್ಳಬೇಕು ಅನ್ನುವ ವಿಚಾರ ಮನೋವಿಶ್ಲೇಷಣೆಯ ಜನಕ ಫ್ರಾಯ್ಡ್ 1917ರಲ್ಲಿ ದುಃಖದ ಬಗ್ಗೆ ಪ್ರಕಟಿಸಿದ ಪ್ರಬಂಧದ ಕಾಲದಿಂದಲೂ ಬಲವಾಗಿತ್ತು. 1996ರಲ್ಲಿ ಕ್ಲಾಸ್, ಸಿಲ್ವರ್‌ಮನ್, ನಿಕ್‌ಮನ್ ಅನ್ನುವ ಮೂವರು ಸಂಶೋಧಕರು ಇದನ್ನು ಪ್ರಶ್ನಿಸಿದರು. ಸಂಬಂಧ ಬೇರೆ ರೂಪದಲ್ಲಿ ಮುಂದುವರಿಯುತ್ತೆ, ಅದರಲ್ಲಿ ತಪ್ಪೇನಿಲ್ಲ ಅನ್ನೋದು ಅವರ ವಾದ. ನನಗೂ ಇದೇ ಸರಿ ಅನ್ನಿಸುತ್ತೆ. ಆದರೆ ನಿದ್ದೆ ಊಟ ಬಿಟ್ಟುಹೋಗುವಷ್ಟು ಆದರೆ ಬರಹ ಪಕ್ಕಕ್ಕಿಟ್ಟು ಡಾಕ್ಟರ್ ಹತ್ತಿರ ಮಾತಾಡಿ.

ಸಭೆಯ ದಿನ ಬಾಯಿಪಾಠ ಮಾಡಿಕೊಂಡು ಹೋಗಬೇಡಿ, ದೊಡ್ಡ ಅಕ್ಷರದಲ್ಲಿ ಬರೆದುಕೊಂಡು ನೋಡಿಕೊಂಡೇ ಓದಿ. ಐದು ನಿಮಿಷಕ್ಕೆ ಎರಡು ಸಂಗತಿ ಸಾಕು. ಇನ್ನೊಂದು ಪ್ರತಿ ತಮ್ಮನ ಕೈಯಲ್ಲೋ ಗೆಳೆಯರ ಕೈಯಲ್ಲೋ ಇರಲಿ, ಗಂಟಲು ಕಟ್ಟಿದರೆ ಅವರು ಮುಂದುವರಿಸುತ್ತಾರೆ. ಮುಗಿದ ಮೇಲೆ ಯಾರಾದರೂ ಬಂದು 'ಅದು ಹಾಗಲ್ಲ ಕಣಪ್ಪಾ, ನಾನೂ ಅಲ್ಲೇ ಇದ್ದೆ' ಅಂತ ಶುರು ಮಾಡಿದರೆ ವಾದ ಮಾಡಬೇಡಿ. ಅವರ ಫೋನ್ ನಂಬರ್ ತಗೊಳ್ಳಿ.