ತಮ್ಮನ ಮಾತ್ರೆ ತಪ್ಪಿದ್ದರ ಬಗ್ಗೆ

ಅಕ್ಕಾ, ಧಾರಾವಿಯ ನಿಮ್ಮ ತಮ್ಮ ಕೋವಿಡ್ ಲಾಕ್‌ಡೌನ್ ಆದಮೇಲೆ ಹೆರಾಯಿನ್ ಚಟ ಬಿಡಿಸೋಕೆ ಕೊಡೋ ಬುಪ್ರೆನಾರ್ಫಿನ್ ಮಾತ್ರೆ ತರೋಕೆ ಹೋಗಿಲ್ಲ, ಮತ್ತೆ ಬ್ರೌನ್ ಶುಗರ್ (ಕಲಬೆರಕೆ ಹೆರಾಯಿನ್) ಚುಚ್ಚಿಕೊಳ್ತಿದ್ದಾನೆ, ದಿನಾ ಆ ಮಾತ್ರೆ ಕೊಡೋ ಸೆಂಟರ್‌ಗೆ ಓಡಾಡಲೇಬೇಕಾ ಅಂತ ಕೇಳಿದ್ದೀರಿ.

ದಿನಾ ಬೇಕಿಲ್ಲ. ಮೊದಲು ನರ್ಸ್ ಎದುರಲ್ಲೇ ನಾಲಿಗೆ ಕೆಳಗಿಟ್ಟು, ಕರಗಿದ ಮೇಲೆ ಬಾಯಿ ಅಗಲ ತೆಗೆದು ತೋರಿಸಬೇಕಿತ್ತು; ಮಾಸ್ಕ್ ಕಾಲದಲ್ಲಿ ಅದೊಂದು ಪೇಚಾಟವಾಗಿತ್ತು. 2020ರಲ್ಲಿ ನ್ಯಾಕೊ, ಅಂದ್ರೆ ಕೇಂದ್ರ ಸರ್ಕಾರದ ಏಡ್ಸ್ ನಿಯಂತ್ರಣ ಸಂಸ್ಥೆ, ಕೆಲವು ದಿನದ ಮಾತ್ರೆ ಮನೆಗೇ ಕೊಡೋಕೆ ಒಪ್ಪಿತು. ಹೋಗಿ ಕೇಳಿ, ಗೊತ್ತಿಲ್ಲ ಅಂದ್ರೆ ಎಚ್‌ಐವಿ ಸಹಾಯವಾಣಿ 1097ಕ್ಕೆ ಫೋನ್ ಮಾಡಿ, ದುಡ್ಡು ಬೀಳಲ್ಲ.

ಆದ್ರೆ ಹಳೇ ಮಾತ್ರೆ ಮನೇಲಿದ್ರೂ ಅವನಷ್ಟಕ್ಕೇ ತಗೊಳ್ಳೋದು ಬೇಡ. ಬ್ರೌನ್ ಶುಗರ್ ಮೈಯಲ್ಲಿರುವಾಗಲೇ ತಗೊಂಡ್ರೆ ವಾಂತಿ, ಬೆವರು, ಮೈನೋವು ಒಟ್ಟಿಗೇ ಮೇಲೆ ಬೀಳ್ತವೆ. ಮೂಗು ಸೋರಿ, ಆಕಳಿಕೆ ಬಂದು, ನಡುಕ ಶುರುವಾದ ಮೇಲೆ ಡಾಕ್ಟರ್ ಕೊಡೋದು.

ಇನ್ನೊಂದು, ಇದೇ ನನಗೆ ಹೆಚ್ಚು ಭಯ: ಬ್ರೌನ್ ಶುಗರ್ ಕೆಲವು ದಿನ ಬಿಟ್ಟವನು ಹಳೇ ಅಳತೆಯಲ್ಲೇ ಚುಚ್ಚಿಕೊಂಡ್ರೆ ಉಸಿರೇ ನಿಲ್ಲಬಹುದು. ಬಾಗಿಲು ಹಾಕಿಕೊಂಡು ಒಬ್ಬನೇ ಇರೋಕೆ ಬಿಡಬೇಡಿ. ತುಟಿ ನೀಲಿಯಾದ್ರೆ ತಡ ಮಾಡದೆ 108 ಆಂಬುಲೆನ್ಸ್ ಕರೆಯಿರಿ.

ಸೂಜಿ ಹೊಸದೇ ಇರಲಿ, ಸೆಂಟರ್‌ನಲ್ಲಿ ಕೇಳಿ. ಸೂಜಿ ಕೊಡೋ ಸೇವೆಗೆ 2017ರ ಎಚ್‌ಐವಿ ಕಾಯ್ದೆಯ ರಕ್ಷಣೆ ಇದೆ. ಸೆಂಟರ್ ಕಾರ್ಡ್ ಇದ್ರೆ ಜೇಬಲ್ಲಿಟ್ಟುಕೊಂಡೇ ಹೊರಗೆ ಹೋಗಲಿ, ನಾಕಾಬಂದಿಯಲ್ಲಿ ಅದನ್ನ ತೋರಿಸಬಹುದು.